ಏಪ್ರಿಲ್ ಬಂತು: ಮನೆ ಎಳೆದುಕೊಂಡು ಹೋಗುವುದೋ, ಬಿಟ್ಟು ಹೋಗುವುದೋ?

ಅರಿಜೋನಾದ ಮೇಸಾದಲ್ಲಿ ಕಿತ್ತಳೆ ಗಿಡಗಳು ಹೂ ಬಿಡುವುದು ಮಾರ್ಚಿನಲ್ಲಿ. ಆ ಘಮ ನಮ್ಮ ಆರ್‌ವಿ ಪಾರ್ಕಿನ, ಅಂದರೆ ಚಕ್ರದ ಮೇಲಿನ ಮನೆಗಳು ಬಂದು ನಿಲ್ಲುವ ಬಡಾವಣೆಯ, ತುಂಬ ಹರಡಿದ ವಾರವೇ ಜನ ಕರಗಲು ಶುರು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೊರಗೆ ಬಂದರೆ ಎದುರು ಸೈಟಿನವರು ಆನಿಂಗ್ (ಗಾಡಿಯ ಪಕ್ಕದ ಬಟ್ಟೆಯ ಚಪ್ಪರ) ಸುತ್ತುತ್ತಿರುತ್ತಾರೆ. ಮಧ್ಯಾಹ್ನ ನೋಡಿದರೆ ಅಲ್ಲಿ ಜಲ್ಲಿಯ ಮೇಲಿನ ಚಕ್ರದ ಗುರುತು ಬಿಟ್ಟು ಬೇರೇನೂ ಇಲ್ಲ. ನಾಲ್ಕೈದು ತಿಂಗಳು ನಮ್ಮ ಪುಳಿಯೋಗರೆ ತಿಂದು, ತಮ್ಮ ಆ್ಯಪಲ್ ಪೈ ಕೊಟ್ಟು, ಸಂಜೆ ಪಿಕಲ್‌ಬಾಲ್ ಆಡಿದವರು ಒಂದು ಹಾರ್ನ್ ಹೊಡೆದು ಹೋಗಿಬಿಡುತ್ತಾರೆ.

ಉತ್ತರದ ರಾಜ್ಯಗಳಿಂದ, ಕೆನಡಾದಿಂದ ಚಳಿಗೆ ಹೆದರಿ ದಕ್ಷಿಣಕ್ಕೆ ಇಳಿಯುವ ನಮ್ಮಂಥ ನಿವೃತ್ತರಿಗೆ ಇಲ್ಲಿ ಸ್ನೋಬರ್ಡ್ ಎನ್ನುತ್ತಾರೆ. ಟೆಕ್ಸಾಸಿನ ರಿಯೊ ಗ್ರಾಂಡ್ ಕಣಿವೆಗೆ ಹೋದರೆ ವಿಂಟರ್ ಟೆಕ್ಸನ್. ‘ನಮ್ಮದೂ ಒಂಥರ ಗುಳೆ’ ಎಂದು ನಾನೊಮ್ಮೆ ತಮಾಷೆ ಮಾಡಿದ್ದಕ್ಕೆ ನಮ್ಮನೆಯವರು ಒಪ್ಪಲಿಲ್ಲ. ಅವರು ರಾಯಚೂರಿನವರು. ‘ಗುಳೆ ಹೋಗೋರು ಹೊಟ್ಟಿ ಸಲುವಾಗಿ ಹೋಗ್ತಾರ. ನಾವು ಬಿಸಿಲಿನ ಸಲುವಾಗಿ ಬಂದೀವಿ’ ಎಂದರು. ರಾಯಚೂರಿನವರೊಬ್ಬರು ಬಿಸಿಲು ಹುಡುಕಿಕೊಂಡು ಮಿನ್ನೆಸೋಟದಿಂದ 1,700 ಮೈಲಿ ಬಂದಿದ್ದಾರೆ ಎಂದರೆ ಅವರ ಊರಿನಲ್ಲಿ ಈಗಲೂ ಯಾರೂ ನಂಬುವುದಿಲ್ಲ.

ಆರ್‌ವಿ ಕೊಳ್ಳಬೇಕೆಂದಿರುವ ಕನ್ನಡಿಗ ದಂಪತಿಗಳು ನಮ್ಮನ್ನು ಕೇಳುವುದು ಯಾವ ಗಾಡಿ, ಯಾವ ಪಾರ್ಕು, ಈಜುಕೊಳ ಬಿಸಿ ಇರುತ್ತದಾ, ಇಷ್ಟೇ. ಎಲ್ಲವೂ ಜನವರಿಯ ಪ್ರಶ್ನೆಗಳು. ಜನವರಿಯಲ್ಲಿ ಯಾವ ಗಾಡಿಯಾದರೂ ಚೆನ್ನಾಗಿಯೇ ಇರುತ್ತದೆ. ನನ್ನ ಅಳತೆಗೋಲು ಬೇರೆ. ಏಪ್ರಿಲ್‌ನಲ್ಲಿ ಹೊರಡುವ ದಿನ, ಇಬ್ಬರಲ್ಲಿ ಗಾಡಿ ಓಡಿಸುವವರು ಮಲಗಿಬಿಟ್ಟರೆ ಇನ್ನೊಬ್ಬರು ಏನು ಮಾಡಬಲ್ಲರು? ಇದನ್ನು ನಾನು ಕಲಿತದ್ದು ಸುಖವಾಗಿ ಅಲ್ಲ.

ಕಣ್ಣಿನ ಗುಳ್ಳೆ

ನಮ್ಮ ಆರನೆಯ ಚಳಿಗಾಲ. ಮಾರ್ಚ್ ಕೊನೆಯ ವಾರ ಒಂದು ಬೆಳಿಗ್ಗೆ ಇವರಿಗೆ ಬಲಗಣ್ಣಿನಲ್ಲಿ ಪರದೆ ಇಳಿದ ಹಾಗಾಯಿತು. ರೆಟಿನಾ ಕಳಚಿಕೊಂಡಿತ್ತು. ಮರುದಿನವೇ ಶಸ್ತ್ರಚಿಕಿತ್ಸೆ. ರೆಟಿನಾವನ್ನು ಒತ್ತಿ ಹಿಡಿಯಲು ಕಣ್ಣೊಳಗೆ ಗ್ಯಾಸಿನ ಗುಳ್ಳೆಯೊಂದನ್ನು ಬಿಟ್ಟರು. ಎತ್ತರಕ್ಕೆ ಹೋದರೆ ಆ ಗುಳ್ಳೆ ಹಿಗ್ಗಿ ಕಣ್ಣಿನ ಒತ್ತಡ ಏರುತ್ತದಂತೆ. ಹಾಗಾಗಿ ಗುಳ್ಳೆ ಕರಗುವವರೆಗೆ ವಿಮಾನ ಬೇಡ, ಬೆಟ್ಟದ ರಸ್ತೆಯೂ ಬೇಡ ಎಂದರು ಡಾಕ್ಟರು.

ಮೇಸಾ ಇರುವುದು ಸುಮಾರು 1,200 ಅಡಿ ಎತ್ತರದಲ್ಲಿ. ಉತ್ತರಕ್ಕೆ ಹೊರಟರೆ ಫ್ಲ್ಯಾಗ್‌ಸ್ಟಾಫ್ ಊರೇ ಸುಮಾರು 6,900 ಅಡಿ. ನಮ್ಮ ಮುಳ್ಳಯ್ಯನಗಿರಿಯ ತುದಿ 6,330, ಅಂದರೆ ಈ ಊರು ಅದರ ನೆತ್ತಿಗಿಂತ ಮೇಲೆ. ಪೂರ್ವಕ್ಕೆ ಟೂಸಾನ್ ದಾಟಿ ಹೋದರೂ ದಾರಿ ಐದು ಸಾವಿರ ಅಡಿಯ ಹತ್ತಿರ ಏರಿಯೇ ಇಳಿಯುತ್ತದೆ. ಮೇಲೂ ಇಲ್ಲ, ಆಚೆಯೂ ಇಲ್ಲ. ಏಳು ವಾರ ಅಲ್ಲೇ ಕೂತೆವು. ಬೀದಿಯಲ್ಲಿ ನಾವು, ಇನ್ನೆರಡು ಮನೆ, ಒಂದು ಕಾಡುಪಾರಿವಾಳದ ಗೂಡು. ಮೇ ತಿಂಗಳಲ್ಲಿ ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್ ದಾಟಿತು. ಎರಡು ಎಸಿ ಹಗಲೂ ರಾತ್ರಿ ಓಡಿದವು.

ಆಗ ನಮ್ಮ ಬಳಿ ಇದ್ದದ್ದು 34 ಅಡಿಯ ಫಿಫ್ತ್ ವೀಲ್, ಅಂದರೆ ಪಿಕಪ್ಪಿನ ಬೆನ್ನಿಗೆ ಸಿಕ್ಕಿಸಿ ಎಳೆಯುವ ಟ್ರೈಲರ್ ಮನೆ; ಅದನ್ನು ಎಳೆಯಲು ‘ಒಂದು ಟನ್’ ದರ್ಜೆಯ ಪಿಕಪ್ ಟ್ರಕ್ಕು. ಆ ಜೋಡಿಯನ್ನು ನಾನು ಖಾಲಿ ಮೈದಾನದಲ್ಲೂ ಓಡಿಸಿರಲಿಲ್ಲ. ಅಡುಗೆಮನೆ ದೊಡ್ಡದಿದೆ ಎಂದು ಹಟ ಹಿಡಿದು ಕೊಡಿಸಿಕೊಂಡವಳು ನಾನೇ.

ಮೂರು ದಾರಿಗಳು

ಪಾರ್ಕು ಬಿಡುವವರ ಮುಂದೆ ಇರುವುದು ಮೂರು ದಾರಿ. ಗಾಡಿ ಸಮೇತ ಊರಿಗೆ ಹೋಗುವುದು. ಗಾಡಿಯನ್ನು ಇಲ್ಲೇ ಸ್ಟೋರೇಜಿನಲ್ಲಿಟ್ಟು ವಿಮಾನ ಹತ್ತುವುದು. ಇಲ್ಲವೇ ಆರ್‌ವಿಯನ್ನೇ ಮಾರಿ, ಒಂದೇ ಕಡೆ ಕೂರುವ ಪಾರ್ಕ್ ಮಾಡೆಲ್ ಎಂಬ ಪುಟ್ಟ ಮನೆ ಕೊಂಡು, ಬಾಗಿಲಿಗೆ ಬೀಗ ಹಾಕಿ ಹೋಗುವುದು.

ಗಾಡಿ ಸಮೇತ ಹೋಗುವವರಿಗೆ ಬೇಸಿಗೆಯೂ ಸಿಗುತ್ತದೆ, ಅದೇ ದೊಡ್ಡ ಲಾಭ. ಜೂನ್‌ನಲ್ಲಿ ಮೊಮ್ಮಕ್ಕಳನ್ನು ಸುಪೀರಿಯರ್ ಸರೋವರದ ದಂಡೆಗೆ ಕರೆದೊಯ್ಯಲು ಅದೇ ಮನೆ. ನಾಗರಿಕರಿಗೂ ಗ್ರೀನ್ ಕಾರ್ಡ್ ಇರುವವರಿಗೂ 62 ತುಂಬಿದ ಮೇಲೆ 80 ಡಾಲರಿಗೆ ಜೀವನಪೂರ್ತಿ ಸೀನಿಯರ್ ಪಾಸ್ ಸಿಗುತ್ತದೆ. ರಾಷ್ಟ್ರೀಯ ಉದ್ಯಾನಗಳ ಪ್ರವೇಶ ಅದರಲ್ಲೇ ಸೇರಿದೆ. ಫೆಡರಲ್ ಸರ್ಕಾರದ ಬಹುತೇಕ ಕ್ಯಾಂಪ್‌ಗ್ರೌಂಡುಗಳಲ್ಲಿ, ಸೇನೆಯ ಎಂಜಿನಿಯರುಗಳು ಕಟ್ಟಿದ ಅಣೆಕಟ್ಟುಗಳ ಪಕ್ಕದ ತಂಪು ತಾಣಗಳೂ ಸೇರಿ, ಬಾಡಿಗೆ ಅರ್ಧ. ಖರ್ಚಿನ ಲೆಕ್ಕ ಸುಲಭ: ಗ್ಯಾಲನ್ನಿಗೆ 8 ಮೈಲಿ ಕೊಡುವ ಗಾಡಿಗೆ 1,700 ಮೈಲಿಗೆ ಸುಮಾರು 212 ಗ್ಯಾಲನ್, ಹೋಗಿ ಬರಲು 425. ಅಂದಿನ ಪೆಟ್ರೋಲ್ ದರದಿಂದ ಗುಣಿಸಿ, ಇಬ್ಬರ ವಿಮಾನದ ಟಿಕೆಟ್ ಮತ್ತು ಆರೇಳು ತಿಂಗಳ ಸ್ಟೋರೇಜ್ ಬಾಡಿಗೆಯ ಪಕ್ಕ ಇಟ್ಟು ನೋಡಿ. ನಾವು ಲೆಕ್ಕ ಹಾಕಿದ ವರ್ಷಗಳಲ್ಲಿ ದುಡ್ಡಿನ ವ್ಯತ್ಯಾಸ ತೀರಾ ದೊಡ್ಡದೇನೂ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಬೆನ್ನಿಗೆ.

ಹಳಬರು ಮೂರು ಮೂರರ ಲೆಕ್ಕ ಹೇಳುತ್ತಾರೆ: ದಿನಕ್ಕೆ 300 ಮೈಲಿಗಿಂತ ಹೆಚ್ಚು ಬೇಡ, ಮಧ್ಯಾಹ್ನ 3ರೊಳಗೆ ನಿಲ್ಲಿ, ನಿಂತಲ್ಲಿ 3 ದಿನ ಇರಿ. ನಾವು ಅರವತ್ತೈದು ದಾಟಿದ ಮೇಲೆ 200 ಮೈಲಿಗೆ ಇಳಿಸಿದ್ದೇವೆ. ನಡುವೆ ನಿಂತು ಹೋಗುವುದರಿಂದ ಎರಡು ವಾರದ ಮೇಲೆ ಹಿಡಿಯುತ್ತದೆ. ನಿವೃತ್ತರಿಗೆ ಯಾವ ಅವಸರ?

ಸ್ಟೋರೇಜಿನ ದಾರಿ ಸೋಮಾರಿಗಳದು ಎಂದುಕೊಂಡಿದ್ದೆ, ತಪ್ಪು. ಮರುಭೂಮಿಯ ಬೇಸಿಗೆಯಲ್ಲಿ ಮುಚ್ಚಿದ ಗಾಡಿಯೊಳಗೆ ಏನು ಬಿಟ್ಟು ಹೋಗುತ್ತೀರಿ ಎನ್ನುವುದೇ ಒಂದು ವಿದ್ಯೆ. ಮೊದಲ ಸಲ ನಾನು ಬೆಲ್ಲದ ಡಬ್ಬಿ ಮರೆತೆ. ನವೆಂಬರ್‌ನಲ್ಲಿ ಬೀರು ತೆಗೆದರೆ ಬೆಲ್ಲ ಪಾಕವಾಗಿ ಸೋರಿ, ಮತ್ತೆ ಗಟ್ಟಿಯಾಗಿ, ಮರದ ಹಲಗೆಗೆ ಕಲ್ಲಿನ ಹಾಗೆ ಅಂಟಿತ್ತು. ಅದರೊಳಗೆ ಇರುವೆಗಳು. ಮೇಣದಬತ್ತಿ, ಸ್ಪ್ರೇ ಡಬ್ಬಿ, ಬ್ಯಾಟರಿ, ಅಮೃತಾಂಜನ, ಔಷಧಿ ಏನನ್ನೂ ಬಿಡಬೇಡಿ. ಫ್ರಿಜ್ ಬಾಗಿಲು ತೆರೆದೇ ಇಡಿ. ಬ್ಲ್ಯಾಕ್ ಟ್ಯಾಂಕು, ಅಂದರೆ ಕಕ್ಕಸಿನ ನೀರು ಸೇರುವ ಟ್ಯಾಂಕು, ತೊಳೆದು ಖಾಲಿ ಮಾಡದೆ ಹೊರಟರೆ ವಾಪಸು ಬಂದಾಗ ಆಗುವ ಗತಿ ವರ್ಣಿಸುವುದಿಲ್ಲ.

ತೆರೆದ ಬಯಲಿನ ಸ್ಟೋರೇಜಿಗಿಂತ ಸೂರಿರುವುದಕ್ಕೆ ಬಾಡಿಗೆ ಜಾಸ್ತಿ. ಆದರೂ ಕೊಡಿ. ಅರಿಜೋನಾದ ಬಿಸಿಲು ಟೈರು, ಚಾವಣಿಯ ಅಂಚಿಗೆ ಹಚ್ಚಿದ ಸೀಲ್ ಎರಡನ್ನೂ ತಿನ್ನುತ್ತದೆ. ಇನ್ನು ಪ್ಯಾಕ್‌ರ‍್ಯಾಟ್ ಎಂಬ ಮರುಭೂಮಿಯ ಇಲಿ. ಬಾನೆಟ್ ಅಡಿಯಲ್ಲಿ ಕಳ್ಳಿಯ ಮುಳ್ಳು ತಂದು ಗೂಡು ಕಟ್ಟಿ ವೈರು ಕಡಿಯುತ್ತದೆ. ಹಾಗಾಗಿ ಇಲ್ಲಿ ಬಹಳ ಜನ ಬಾನೆಟ್ ತೆರೆದಿಟ್ಟೇ ಗಾಡಿ ಬಿಟ್ಟು ಹೋಗುತ್ತಾರೆ. ಕತ್ತಲಿಲ್ಲದ ಕಡೆ ಇಲಿಗೆ ಸಂಸಾರ ಹೂಡಲು ಮನಸ್ಸಾಗುವುದಿಲ್ಲ.

ಇದೇ ಆಟ ಫ್ಲಾರಿಡಾದಲ್ಲಿ ತಿರುವುಮುರುವು. ಅಲ್ಲಿ ಶತ್ರು ಒಣಗುವುದಲ್ಲ, ಬೂಷ್ಟು. ಎಸಿಯನ್ನೋ ತೇವ ಹೀರುವ ಯಂತ್ರವನ್ನೋ ಓಡಿಸಿಯೇ ಹೋಗಬೇಕು. ಮೇಲೆ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಸರಿಯಾಗಿ ನೀವಿಲ್ಲದ ತಿಂಗಳುಗಳೇ. ಗಾಡಿ ಬಿಟ್ಟು ಹೋಗುವ ಯೋಚನೆ ಇದ್ದರೆ ಫ್ಲಾರಿಡಾ ನನ್ನ ಪಟ್ಟಿಯಲ್ಲಿ ಕೊನೆಗೆ.

ಪಾರ್ಕ್ ಮಾಡೆಲ್ ಎಂದರೆ ಚಕ್ರದ ಮೇಲೆ ಕೂತ ಪುಟ್ಟ ಮನೆ, ಸಾಮಾನ್ಯವಾಗಿ 400 ಚದರಡಿಯ ಒಳಗೆ. ಚಕ್ರ ಹೆಸರಿಗೆ, ಒಮ್ಮೆ ಕೂತರೆ ಎದ್ದು ಹೋಗುವುದು ಅಪರೂಪ. ನಿಜವಾದ ಒಲೆ, ನಿಜವಾದ ಫ್ರಿಜ್, ಒಗ್ಗರಣೆ ಹಾಕಿದರೆ ಹಾಸಿಗೆಯವರೆಗೆ ಘಾಟು ಬಾರದಷ್ಟು ಅಂತರ. ಹೊರಡುವ ದಿನದ ಕೆಲಸ ಎರಡು ಗಂಟೆಯದು: ನೀರಿನ ಮುಖ್ಯ ನಲ್ಲಿ ಮುಚ್ಚುವುದು, ಕಿಟಕಿಗೆ ಬೆಳ್ಳಿಹಾಳೆ, ಮರ ಸೀಳದಿರಲೆಂದು ಅಲ್ಲಲ್ಲಿ ಬಕೆಟ್‌ನಲ್ಲಿ ನೀರು. ಓಡಿಸುವವರು ಮಲಗಿದರೂ ಇನ್ನೊಬ್ಬರು ಮಾಡಿ ಮುಗಿಸಬಹುದಾದ ದಾರಿ ಇದೊಂದೇ.

ಆದರೆ ಮನೆ ನಿಮ್ಮದು, ನೆಲ ಅವರದು. ನೀವಿಲ್ಲದ ಏಳು ತಿಂಗಳಿಗೂ ಜಾಗದ ಬಾಡಿಗೆ ಓಡುತ್ತಿರುತ್ತದೆ. ಪಾರ್ಕಿನ ಮಾಲೀಕರು ಬದಲಾಗಿ ಬಾಡಿಗೆ ಏರಿಸಿದರೆ ಆರ್‌ವಿಯವರು ಹಿಚ್ (ಎಳೆಯುವ ಕೊಂಡಿ) ಸಿಕ್ಕಿಸಿ ಹೊರಡುತ್ತಾರೆ, ನೀವು ಕೂತು ಕೊಡುತ್ತೀರಿ. ಇನ್ನೊಂದು, ನಮ್ಮವರು ಸಾಮಾನ್ಯವಾಗಿ ಯೋಚಿಸದ್ದು. ಇಂಥ ಪಾರ್ಕುಗಳಲ್ಲಿ ಬಹಳಷ್ಟು 55 ದಾಟಿದವರಿಗೆ ಮೀಸಲು. ಕಾನೂನಿನ ಪ್ರಕಾರ ಕನಿಷ್ಠ 80 ಶೇಕಡ ಮನೆಗಳಲ್ಲಿ 55 ತುಂಬಿದವರೊಬ್ಬರಾದರೂ ಇರಬೇಕು, ಕೆಲವು ಪಾರ್ಕುಗಳ ನಿಯಮ ಅದಕ್ಕಿಂತಲೂ ಬಿಗಿ. ಮಗನಿಗೋ ಮಗಳಿಗೋ ಆಸ್ತಿ ಎಂದು ಬಿಟ್ಟು ಹೋಗುವ ಕನಸಿದ್ದರೆ ಮೊದಲು ನಿಯಮದ ಪುಸ್ತಕ ಓದಿ. ಅವರಿಗೆ 55 ತುಂಬಿರದಿದ್ದರೆ ಮಾರಬಹುದೇ ಹೊರತು ಬಂದು ಇರಲು ಆಗದೇ ಹೋಗಬಹುದು.

ನನ್ನ ತೀರ್ಪು ಕೇಳಿದರೆ: ಇಬ್ಬರೂ ಓಡಿಸುವವರಾದರೆ ಗಾಡಿ ಸಮೇತ ಹೋಗಿ. ಒಬ್ಬರೇ ಓಡಿಸುವವರಾದರೆ ಸ್ಟೋರೇಜ್. ಒಂದೇ ಪಾರ್ಕಿಗೆ ಐದು ಚಳಿಗಾಲ ಬಂದು, ಆರನೆಯದಕ್ಕೂ ಬೇರೆಡೆ ಹೋಗುವ ಆಸೆ ಹುಟ್ಟದಿದ್ದರೆ ಪಾರ್ಕ್ ಮಾಡೆಲ್. ಅದಕ್ಕಿಂತ ಮೊದಲು ಕೊಳ್ಳುವುದು ಬೇಡ.

ಗಾಡಿ ಯಾವುದು

ಫಿಫ್ತ್ ವೀಲ್‌ನಷ್ಟು ಮನೆಯಂಥ ಮನೆ ಇನ್ನೊಂದಿಲ್ಲ. ಚಾವಣಿ ಎತ್ತರ, ಪಾತ್ರೆ ಇಡಲು ಜಾಗ ಧಾರಾಳ. ಆದರೆ ಪಿಕಪ್ಪಿನ ಹಾಸಿನಲ್ಲಿ ಹಿಚ್ ಕೂರಿಸಿ, ಹಿಂದಕ್ಕೆ ಸರಿಸಿ ಸಿಕ್ಕಿಸುವ ಕೆಲಸಕ್ಕೆ ಅಭ್ಯಾಸ ಬೇಕು. ಟ್ರಕ್ಕು ಟ್ರೈಲರು ಸೇರಿ ತೂಕ 26,000 ಪೌಂಡ್ ದಾಟಿದರೆ ಕೆಲವು ರಾಜ್ಯಗಳಲ್ಲಿ ಬೇರೆ ದರ್ಜೆಯ ಲೈಸೆನ್ಸೇ ಬೇಕಾಗುತ್ತದೆ. ಸಾಧಾರಣ ಟ್ರಾವೆಲ್ ಟ್ರೈಲರ್ ಅಗ್ಗ, ಆದರೆ ಗಾಳಿಗೆ ಬಾಲ ಅಲ್ಲಾಡಿಸುತ್ತದೆ. ಎಳೆಯಬೇಕಿಲ್ಲದೆ ತಾನೇ ಓಡುವ ಗಾಡಿಗಳಲ್ಲಿ ಕ್ಲಾಸ್ ಎ ಎಂದರೆ ಬಸ್ಸು. ಕೂತು ಓಡಿಸಲು ಸುಖ. ಅದರ ಹಿಂದೆ ನಾಲ್ಕೂ ಚಕ್ರದ ಮೇಲೆ ಕಾರು ಕಟ್ಟಿಕೊಂಡರೆ ಮಾತ್ರ ಒಂದು ವಿಷಯ ನೆನಪಿರಲಿ: ಹಾಗೆ ಕಟ್ಟಿಕೊಂಡು ರಿವರ್ಸ್ ಹೋಗುವಂತಿಲ್ಲ. ತಪ್ಪು ಪೆಟ್ರೋಲ್ ಬಂಕಿಗೆ ನುಗ್ಗಿದರೆ ಕಾರು ಬಿಚ್ಚಿಯೇ ಹೊರಬರಬೇಕು. ಎಲ್ಲ ಕಾರುಗಳನ್ನೂ ಹಾಗೆ ಎಳೆಯಲೂ ಬರುವುದಿಲ್ಲ, ಕಾರಿನ ಮ್ಯಾನ್ಯುಯಲ್ ನೋಡಬೇಕು. ಕ್ಲಾಸ್ ಬಿ ವ್ಯಾನು ಓಡಿಸಲು ಎಲ್ಲಕ್ಕಿಂತ ಸುಲಭ. ಐದು ತಿಂಗಳು ಅದರಲ್ಲಿ ಇಬ್ಬರು ಇದ್ದು ಮಾತು ಬಿಡದೆ ಹೊರಬಂದ ದಂಪತಿಗಳಿಗೆ ನನ್ನ ನಮಸ್ಕಾರ.

ಕಣ್ಣಿನ ಪ್ರಕರಣದ ಮೇಲೆ ನಾವು ಫಿಫ್ತ್ ವೀಲ್ ಮಾರಿ 27 ಅಡಿಯ ಕ್ಲಾಸ್ ಸಿ ಕೊಂಡೆವು. ವ್ಯಾನಿನ ಮುಖ, ಅದರ ನೆತ್ತಿಯ ಮೇಲೊಂದು ಹಾಸಿಗೆ. ಅಡುಗೆಮನೆ ಅರ್ಧ ಆಯಿತು. ಕುಕ್ಕರ್ ಇಟ್ಟರೆ ಮಿಕ್ಸಿಗೆ ಜಾಗವಿಲ್ಲ, ಮಿಕ್ಸಿ ಇಟ್ಟರೆ ಕುಕ್ಕರಿಗೆ. ಹುರಿಯುವುದು, ಒಗ್ಗರಣೆ ಎಲ್ಲ ಹೊರಗೆ ಆನಿಂಗ್ ಕೆಳಗಿನ ಇಂಡಕ್ಷನ್ ಒಲೆಯ ಮೇಲೆ. ಆದರೆ ಅದನ್ನು ನಾನು ಓಡಿಸುತ್ತೇನೆ. ಮೊದಲ ಬಾರಿ ರಿವರ್ಸ್ ಹಾಕಿದಾಗ ಎದುರು ಸೈಟುಗಳವರು ಕುರ್ಚಿ ಎಳೆದುಕೊಂಡು ಕೂತಿದ್ದರು. ಗಂಡ ಹೆಂಡತಿ ಗಾಡಿ ಹಿಂದಕ್ಕೆ ಸರಿಸುವುದು ಪಾರ್ಕಿನಲ್ಲಿ ಸಂಜೆಯ ಬಯಲಾಟ. ಇವರ ‘ಬಾ ಬಾ ಬಾ’, ನನ್ನ ‘ಯಾವ ಕಡೆ ಅಂತ ಹೇಳ್ರೀ!’ ಎರಡೂ ಕನ್ನಡದಲ್ಲಿದ್ದದ್ದರಿಂದ ಮರ್ಯಾದೆ ಸ್ವಲ್ಪ ಉಳಿಯಿತು.

ಯಾವಾಗ, ಯಾವ ರಸ್ತೆ

ಮಾರ್ಚ್‌ನಲ್ಲೇ ಹೊರಡುವವರು ಅರಿಜೋನಾದ ಸೆಖೆ ತಪ್ಪಿಸಿಕೊಳ್ಳುತ್ತಾರೆ, ಉತ್ತರದ ಹಿಮಕ್ಕೆ ಸಿಕ್ಕಿಕೊಳ್ಳುತ್ತಾರೆ. ರಾತ್ರಿ 32 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯುವ ಊರುಗಳಲ್ಲಿ ಪೈಪಿನಲ್ಲಿ ನೀರಿದ್ದರೆ ಹೆಪ್ಪುಗಟ್ಟಿ ಪೈಪು ಒಡೆಯಬಹುದು. ಹಾಗಾಗಿ ಪೈಪಿಗೆ ಗುಲಾಬಿ ಬಣ್ಣದ ಆ್ಯಂಟಿಫ್ರೀಜ್ (ಹೆಪ್ಪುಗಟ್ಟದ ದ್ರವ) ತುಂಬಿ, ಕ್ಯಾನಿನಲ್ಲಿ ತಂದ ನೀರಿನಲ್ಲೇ ಎಲ್ಲ ಮುಗಿಸಬೇಕು. ಚೊಂಬಿನಲ್ಲಿ ನೀರು ಬಳಸಿ ಬೆಳೆದ ನಮಗೆ ಅದು ಕಷ್ಟವಲ್ಲ, ಆದರೆ ಎರಡು ವಾರ ಬೇಡ. ಮೇ ತನಕ ಕಾದರೆ ಇಲ್ಲಿ ಬೇಯುತ್ತೀರಿ. ಮಿನ್ನೆಸೋಟ ಕಡೆಯವರಿಗೆ ಏಪ್ರಿಲ್ 20ರ ಆಸುಪಾಸು ನಾನು ಹೇಳುವ ದಿನ.

ದಾರಿ ಎರಡು. ಫ್ಲ್ಯಾಗ್‌ಸ್ಟಾಫ್ ಹತ್ತಿ ಐ-40 ಹೆದ್ದಾರಿ ಹಿಡಿದು ನ್ಯೂ ಮೆಕ್ಸಿಕೊದ ಟುಕುಮ್‌ಕ್ಯಾರಿ ತನಕ, ಅಲ್ಲಿಂದ ಯುಎಸ್-54ರಲ್ಲಿ ಓರೆಯಾಗಿ ಕ್ಯಾನ್ಸಸ್ ಹೊಕ್ಕು ವಿಚಿಟಾ, ಮುಂದೆ ಐ-35. ಇದು ನೇರ, ಆದರೆ ಫ್ಲ್ಯಾಗ್‌ಸ್ಟಾಫಿನಲ್ಲಿ ಏಪ್ರಿಲ್‌ನಲ್ಲೂ ಹಿಮ ಬೀಳಬಹುದು. ಇನ್ನೊಂದು, ದಕ್ಷಿಣಕ್ಕೆ ಇಳಿದು ಐ-10ರಲ್ಲಿ ಲಾಸ್ ಕ್ರೂಸಸ್, ಅಲ್ಲಿಂದ ವೈಟ್ ಸ್ಯಾಂಡ್ಸ್ ಪಕ್ಕ ಹಾದು ಆಲಮೊಗಾರ್ಡೊ, ಮತ್ತೆ ಅದೇ ಯುಎಸ್-54. ಸುತ್ತು ಹೆಚ್ಚು, ಹಿಮದ ಭಯ ಕಡಿಮೆ. ಆದರೆ ಲಾರ್ಡ್ಸ್‌ಬರ್ಗ್ ಬಳಿಯ ಒಣಕೆರೆಯಿಂದ ಏಳುವ ದೂಳು ಐ-10ನ್ನೇ ಮುಚ್ಚಿಸುವುದುಂಟು. ವೈಟ್ ಸ್ಯಾಂಡ್ಸ್ ಹತ್ತಿರ ಕ್ಷಿಪಣಿ ಪರೀಕ್ಷೆ ಇದ್ದರೆ ರಸ್ತೆಯನ್ನು ಒಂದಷ್ಟು ಹೊತ್ತು ನಿಲ್ಲಿಸುತ್ತಾರೆ. ಚಿತ್ರಾನ್ನದ ಡಬ್ಬಿ ಕೈಗೆಟಕುವ ಹಾಗಿರಲಿ. ನಮ್ಮ ಮತ ದಕ್ಷಿಣದ ದಾರಿಗೆ.

ಎರಡರಲ್ಲೂ ಗಾಳಿ ತಪ್ಪಿದ್ದಲ್ಲ, ಅದು ಆ ಸೀಮೆಯ ವಸಂತ. ಗಂಟೆಗೆ 35 ಮೈಲಿಯ ಬಿರುಗಾಳಿ ಎಂದರೆ ನಾವು ಆ ದಿನ ಗಾಡಿ ತೆಗೆಯುವುದಿಲ್ಲ. ಕ್ಯಾನ್ಸಸ್ ದಾಟುವಾಗ ಸುಂಟರಗಾಳಿಯ ಕಾಲವೂ ಶುರುವಾಗಿರುತ್ತದೆ. ರೇಡಿಯೊದಲ್ಲಿ ಎಚ್ಚರಿಕೆ ಕೊಡುವಾಗ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಹೆಸರು ಹೇಳುತ್ತಾರೆ. ಆದ್ದರಿಂದ ರಾತ್ರಿ ನಿಂತ ಕೂಡಲೇ ಆ ಕೌಂಟಿಯ ಹೆಸರನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ಎಚ್ಚರಿಕೆ ಬಂದರೆ ಗಾಡಿಯೊಳಗೆ ಕೂರಬೇಡಿ, ಕಾಂಕ್ರೀಟಿನ ಸ್ನಾನಗೃಹಕ್ಕೆ ಓಡಿ. ಟೈರು ನೋಡಲು ಬರದವರು ಇಷ್ಟಾದರೂ ನೋಡಿ: ಪಕ್ಕದಲ್ಲಿ ಅಚ್ಚಾದ, DOT ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷ. 1519 ಎಂದಿದ್ದರೆ 2019ರ 15ನೆಯ ವಾರ. ಮೇಲಿನ ಪಟ್ಟಿ (ಟ್ರೆಡ್) ಸವೆಯದೆ ಚೆನ್ನಾಗಿ ಕಂಡರೂ ಏಳು ವರ್ಷದ ಟೈರಿನ ಮೇಲೆ ಸಂಸಾರ ಇಡಬೇಡಿ.

ಪಾರ್ಕು ಬೇಡ, ಮರುಭೂಮಿ ಸಾಕು ಎನ್ನುವವರಿಗೆ

ಅರಿಜೋನಾದ ಕ್ವಾರ್ಟ್ಸ್‌ಸೈಟ್ ಸುತ್ತ ಸರ್ಕಾರಿ ಬಯಲಿದೆ. ಲಾ ಪೋಸಾ ಎಂಬಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇರಲು ಒಂದೇ ಪರ್ಮಿಟ್. ವರ್ಷಗಳ ಕಾಲ ಅದು 180 ಡಾಲರ್ ಇತ್ತು, ಹೊರಡುವ ಮೊದಲು ಈಗಿನ ದರ ವಿಚಾರಿಸಿ. ಕರೆಂಟಿಲ್ಲ, ನೀರು ತುಂಬಿಸಿ ತರಬೇಕು, ಸೋಲಾರ್ ಇದ್ದರೆ ಬಚಾವು. ಅಲ್ಲಿ ಹೊರಡುವ ದಿನವನ್ನು ಆರಿಸುವ ತಲೆನೋವು ಇಲ್ಲ, ಏಪ್ರಿಲ್ 15ಕ್ಕೆ ಪರ್ಮಿಟ್ಟೇ ಮುಗಿಯುತ್ತದೆ. ಊರಿನ ಸ್ಮಶಾನದಲ್ಲಿ ಪಿರಮಿಡ್ಡಿನ ಮೇಲೆ ಒಂಟೆ ನಿಂತ ಸಮಾಧಿಯೊಂದಿದೆ. 1850ರ ದಶಕದಲ್ಲಿ ಅಮೆರಿಕದ ಸೇನೆ ತರಿಸಿದ ಒಂಟೆಗಳ ಜೊತೆ ಬಂದ ಹಾಜಿ ಅಲಿಯದು. ಇಲ್ಲಿಯವರ ಬಾಯಲ್ಲಿ ಅವನು ‘ಹೈ ಜಾಲಿ’ ಆದ. ನಮ್ಮ ಹೆಸರುಗಳಿಗೆ ಇಲ್ಲಿ ಆಗುವ ಗತಿಯನ್ನು ಕಂಡವರಿಗೆ ಅವನ ಮೇಲೆ ಅಕ್ಕರೆ ಹುಟ್ಟುತ್ತದೆ. ಒಂಟಿ ಹೆಂಗಸರೂ ಅಲ್ಲಿ ಧೈರ್ಯವಾಗಿ ಇರುತ್ತಾರೆ. ಆದರೆ ಆಸ್ಪತ್ರೆಯ ದೂರ ನೆನೆದು ನಾವು ಒಂದು ವಾರಕ್ಕಿಂತ ಹೆಚ್ಚು ನಿಲ್ಲಲಿಲ್ಲ.

ಕಾಗದಪತ್ರ

ಮೂಲ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗೆ ಅಮೆರಿಕದ ಸರ್ಕಾರ ಕೊಡುವ ಆರೋಗ್ಯ ವಿಮೆ) ಇದ್ದವರಿಗೆ ಅದನ್ನು ಸ್ವೀಕರಿಸುವ ಡಾಕ್ಟರು ಯಾವ ರಾಜ್ಯದಲ್ಲಿದ್ದರೂ ಆಗುತ್ತದೆ. ಅದರ ಬದಲಿಗೆ ಖಾಸಗಿ ಕಂಪನಿಗಳು ಕೊಡುವ ಅಡ್ವಾಂಟೇಜ್ ಪ್ಲಾನುಗಳು ಬಹುಪಾಲು ಊರಿನ ನೆಟ್‌ವರ್ಕಿಗೆ ಕಟ್ಟಿಹಾಕುತ್ತವೆ, ತುರ್ತು ಚಿಕಿತ್ಸೆ ಬಿಟ್ಟು. ಇವರ ಕಣ್ಣಿಗೆ ಏಳು ವಾರ ತಪಾಸಣೆ ನಡೆದಾಗ ಈ ವ್ಯತ್ಯಾಸದ ಬೆಲೆ ಗೊತ್ತಾಯಿತು.

ಟೊರೊಂಟೊ ಕಡೆಯ ಕನ್ನಡಿಗರು ದಿನ ಎಣಿಸಬೇಕು. ಒಂಟಾರಿಯೊದ ಆರೋಗ್ಯ ಸೌಲಭ್ಯ ಉಳಿಯಲು 12 ತಿಂಗಳಲ್ಲಿ 153 ದಿನ ಪ್ರಾಂತ್ಯದೊಳಗೆ ಇರಬೇಕು. ಅಮೆರಿಕದ ತೆರಿಗೆಯವರ ಲೆಕ್ಕವೇ ಬೇರೆ: ಈ ವರ್ಷದ ದಿನಗಳು, ಹಿಂದಿನ ವರ್ಷದ ಮೂರನೇ ಒಂದು, ಅದರ ಹಿಂದಿನದರ ಆರನೇ ಒಂದು ಭಾಗ ಕೂಡಿ 183 ಮುಟ್ಟಿದರೆ ನಿವಾಸಿ ಎಂದು ಎಣಿಸುತ್ತಾರೆ. ವರ್ಷಕ್ಕೆ 122 ದಿನದಂತೆ ಮೂರು ವರ್ಷ ಬಂದರೆ ಸರಿಯಾಗಿ 183 ಆಗುತ್ತದೆ. ಅಂಥವರು ತಮ್ಮ ನಂಟು ಕೆನಡಾದೊಂದಿಗೇ ಹೆಚ್ಚು ಎಂದು 8840 ನಮೂನೆ ತುಂಬಬೇಕು.

‘ಇಷ್ಟೆಲ್ಲ ಯಾಕೆ, ಚಳಿಗಾಲಕ್ಕೆ ಮೈಸೂರಿಗೇ ಹೋಗಬಾರದಾ’ ಎಂದು ನನ್ನ ತಂಗಿ ಪ್ರತಿ ವರ್ಷ ಕೇಳುತ್ತಾಳೆ. ಮೂರು ವರ್ಷಕ್ಕೊಮ್ಮೆ ಹೋಗುತ್ತೇವೆ. ಮೆಡಿಕೇರ್ ಭಾರತಕ್ಕೆ ಬರುವುದಿಲ್ಲ, ಬೇರೆ ವಿಮೆ ಮಾಡಿಸಬೇಕು. ಅಲ್ಲಿ ನಾಲ್ಕು ತಿಂಗಳೂ ಮದುವೆ, ಗೃಹಪ್ರವೇಶ, ಯಾರದೋ ಮನೆಯ ಊಟ. ಇಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಬಾಗಿಲು ತಟ್ಟುವವರಿಲ್ಲ. ಯಾವುದು ವಾಸಿ ಎನ್ನುವುದು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ.

ಹೊರಡುವ ಮೊದಲು ಪಾರ್ಕಿನ ಆಫೀಸಿನವರು ಮುಂದಿನ ಚಳಿಗಾಲದ ಸೈಟಿಗೆ ಮುಂಗಡ ಕೇಳುತ್ತಾರೆ. ಆ ಸಂಭ್ರಮದಲ್ಲಿ ಎಲ್ಲರೂ ಕೊಟ್ಟುಬಿಡುತ್ತಾರೆ. ಕೊಡುವ ಮೊದಲು ಮೂರು ಕೇಳಿ: ಯಾವ ತಾರೀಖಿನೊಳಗೆ ಹೇಳಿದರೆ ಹಣ ವಾಪಸ್, ಆಸ್ಪತ್ರೆಯ ಕಾರಣಕ್ಕೆ ಬೇರೆ ನಿಯಮವಿದೆಯೇ, ನಡುವೆ ಗಾಡಿ ಬದಲಾದರೆ ಅದೇ ಸೈಟು ಸಿಗುತ್ತದೆಯೇ. ನಾವು 34 ಅಡಿಯ ಸೈಟಿಗೆ ಕೊಟ್ಟಿದ್ದ ಮುಂಗಡದಲ್ಲಿ 27 ಅಡಿ ತಂದು ನಿಲ್ಲಿಸಿದೆವು. ಉಳಿದ ಏಳು ಅಡಿಯಲ್ಲಿ ಈಗ ಒಂದು ಕುಂಡ ಕರಿಬೇವು, ಎರಡು ಕುಂಡ ಮೆಣಸಿನಗಿಡ ಇವೆ. ಏಪ್ರಿಲ್‌ನಲ್ಲಿ ಅವನ್ನು ಯಾರಿಗೆ ಒಪ್ಪಿಸುವುದು ಎಂಬುದಿನ್ನೂ ತೀರ್ಮಾನವಾಗಿಲ್ಲ.